ವಿದ್ಯಾರ್ಥಿವೇತನವೂ ಶ್ರಾವಕಧರ್ಮವೂ

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಹಾಗಾದರೆ ಬಡ ವಿದ್ಯಾರ್ಥಿಯ ಕಾಲೇಜು ಶಿಕ್ಷಣಕ್ಕೆ ಸರ್ಕಾರ ಕೊಡುವ ಧನಸಹಾಯವೂ ದಾನವೇ? ಅದಕ್ಕೆ ಕೈಯೊಡ್ಡುವುದು ಸ್ವಾಭಿಮಾನಕ್ಕೆ ಕುಂದೇ?

ತತ್ತ್ವಾರ್ಥಸೂತ್ರದ ಅಭಿಪ್ರಾಯದಂತೆ, ಉಪಕಾರಕ್ಕಾಗಿ ತನ್ನದಾದುದನ್ನು ತ್ಯಜಿಸುವುದೇ ದಾನ. ಬೊಕ್ಕಸದ ಹಣವು ಯಾವ ಮಂತ್ರಿಯ, ಯಾವ ಅಧಿಕಾರಿಯ ಸ್ವಂತ ಧನವೂ ಅಲ್ಲ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಕಾರನೂ ತೆರಿಗೆಯ ರೂಪದಲ್ಲಿ ಅದಕ್ಕೆ ತನ್ನ ಅಂಶವನ್ನು ಸಲ್ಲಿಸಿದ್ದಾನೆ. ಆದುದರಿಂದ ಅದು ದಾನವಲ್ಲ, ನ್ಯಾಯವಾದ ಪಾಲು. ಜೈನರೆಂದರೆ ಸಿರಿವಂತರೆಂಬ ಲೋಕದ ಮಾತಿಗೆ ಅಂಜಿ, ಬೇಸಾಯವನ್ನೇ ನಂಬಿದ ನಮ್ಮ ಬಡ ಕುಟುಂಬಗಳು ಆ ಪಾಲನ್ನು ಬಿಡಬೇಕಾಗಿಲ್ಲ.

2014ರ ಜನವರಿ 27ರಂದು ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಆ ಬಳಿಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬಾಗಿಲು ನಮ್ಮ ಮಕ್ಕಳಿಗೂ ತೆರೆಯಿತು. ಆ ಯೋಜನೆಯ ನಿಯಮದಂತೆ ಕುಟುಂಬದ ವಾರ್ಷಿಕ ಆದಾಯ 2 ಲಕ್ಷ ರೂಪಾಯಿಗಳನ್ನು ಮೀರುವಂತಿರಲಿಲ್ಲ. ಹಿಂದಿನ ಪರೀಕ್ಷೆಯಲ್ಲಿ ಶೇಕಡ 50 ಅಂಕಗಳು ಬೇಕಿದ್ದವು. ವೇತನಗಳ ಸಂಖ್ಯೆ ಮಿತವಾಗಿದ್ದುದರಿಂದ ಆಯ್ಕೆಯಲ್ಲಿ ಅಂಕಗಳಿಗಿಂತ ಬಡತನಕ್ಕೇ ಹೆಚ್ಚಿನ ತೂಕವಿತ್ತು.

ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಉಳ್ಳವನೊಬ್ಬನು ತನ್ನ ಆದಾಯವನ್ನು ಕಡಿಮೆ ಬರೆಯಿಸಿ ಪ್ರಮಾಣಪತ್ರ ಪಡೆದು, 'ಸರ್ಕಾರದ ಹಣ ತಾನೇ, ಯಾರಿಗೆ ನಷ್ಟ?' ಎಂದು ಸಮಾಧಾನ ತಂದುಕೊಳ್ಳಬಹುದು. ಸಂಖ್ಯೆ ಮಿತವಾಗಿರುವಲ್ಲಿ ನಷ್ಟ ಸರ್ಕಾರದ್ದಲ್ಲ. ಪಟ್ಟಿಯಿಂದ ಹೊರಗುಳಿದು ಓದು ನಿಲ್ಲಿಸುವ ಬಡ ಮಗುವಿನದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಪೂರ್ವಾಚಾರ್ಯರು ಎಣಿಸಿದ್ದಾರೆ. ಸುಳ್ಳು ಪ್ರಮಾಣಪತ್ರದ ಒಂದೇ ಹಾಳೆಯಲ್ಲಿ ಎರಡು ವ್ರತಗಳೂ ಮಲಿನವಾಗುತ್ತವೆ. ಮಗನ ವಿದ್ಯೆಗೆಂದು ಮಾಡಿದ ಈ ಕಾರ್ಯವು ಅವನಿಗೆ ಕಲಿಸುವ ಮೊದಲ ಪಾಠ ಯಾವುದೆಂಬುದನ್ನು ತಂದೆತಾಯಿಗಳು ಯೋಚಿಸಬೇಕು.

ಆದರೆ ಮಿತಿಗಿಂತ ಹತ್ತು ಸಾವಿರ ಹೆಚ್ಚು ಗಳಿಸುವವನ ಕಷ್ಟವೂ ನಿಜವೇ. ಕಾನೂನು ಎಲ್ಲಾದರೊಂದು ಗೆರೆ ಎಳೆಯಲೇಬೇಕು. ಬಡತನಕ್ಕೆ ಅಂಥ ಗೆರೆಯಿಲ್ಲ. ಇಂಥವನಿಗೆ ಅಸತ್ಯದ ಪ್ರಲೋಭನೆ ಒದಗಿದಾಗ ಖಂಡಿಸಿ ಸುಮ್ಮನಾಗುವ ಸಮಾಜವೂ ಪೂರ್ಣವಾಗಿ ನಿರ್ದೋಷಿಯಲ್ಲ. ನಮ್ಮ ಬಸದಿಗಳ ಆಡಳಿತ ಮಂಡಳಿಗಳು ವಿದ್ಯಾನಿಧಿಯನ್ನು ಮುಖ್ಯವಾಗಿ ಈ ಗೆರೆಯಾಚೆಗಿನವರಿಗೆ ಮೀಸಲಿಡಲಿ. ಅರ್ಹರಿಗೆ ಅರ್ಜಿ ತುಂಬಲು ನೆರವಾಗಲಿ. ಸರ್ಕಾರದ ಹಣ ಕೈಸೇರುವ ಮೊದಲೇ ಶುಲ್ಕ ಕಟ್ಟಬೇಕಾದವರಿಗೆ ಬಡ್ಡಿರಹಿತ ಮುಂಗಡ ನೀಡಲಿ. ಅಲ್ಲಿ ಕೊಡುವುದು ನಮ್ಮದೇ ಆದ ಧನ. ದಾನವೆಂಬ ಹೆಸರು ಅದಕ್ಕೆ ಸಲ್ಲುತ್ತದೆ.