ಅನ್ಯರ ಪ್ರಾಣ ಮತ್ತು ನಮ್ಮ ತವಕ್ಕುಲ್

ಮೊದಲು ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಪ್ರವಾದಿ(ಸ)ರು ಒಬ್ಬ ವ್ಯಕ್ತಿಗೆ ಉಪದೇಶಿಸಿದ್ದನ್ನು ನೀವು ಹಲವು ಬಾರಿ ಕೇಳಿರಬಹುದು. ಅಲ್ಲಿ ಒಂಟೆ ಆತನದೇ ಆಗಿತ್ತು. ಕಳೆದುಹೋದರೆ ನಷ್ಟವೂ ಆತನಿಗೇ. ಆದರೆ ಒಂಟೆ ಇನ್ನೊಬ್ಬರದಾಗಿದ್ದರೆ? ಕಟ್ಟದೆ ಬಿಟ್ಟು, ಅಲ್ಲಾಹನು ಕಾಯುತ್ತಾನೆ ಎನ್ನುವ ಹಕ್ಕು ನಮಗಿದೆಯೇ? ಅಣೆಕಟ್ಟು, ಸೇತುವೆ, ಕಾರ್ಖಾನೆಗಳನ್ನು ಕಟ್ಟುವವರ ಮುಂದಿರುವುದು ಈ ಎರಡನೆಯ ಪ್ರಶ್ನೆ.

ಉತ್ತರ ಇಟಲಿಯ ವಾಯೊಂಟ್ ಅಣೆಕಟ್ಟಿನ ಘಟನೆಯನ್ನು ನೋಡಿರಿ. ವಿದ್ಯುತ್ತಿಗಾಗಿ ಕಟ್ಟಿದ ಇದರ ಎತ್ತರ 261 ಮೀಟರ್. ಜಲಾಶಯದ ಮಗ್ಗುಲಲ್ಲೇ ಟೋಕ್ ಎಂಬ ಪರ್ವತ. ಅದರ ಇಳಿಜಾರಿನಲ್ಲಿ ಪುರಾತನ ಭೂಕುಸಿತದ ಬೃಹತ್ ರಾಶಿಯೊಂದಿದೆಯೆಂದು ಗುರುತಿಸಿದ ಭೂವಿಜ್ಞಾನಿಗಳಲ್ಲೊಬ್ಬರು ಅಣೆಕಟ್ಟಿನ ವಿನ್ಯಾಸಕಾರರ ಮಗನೇ ಆಗಿದ್ದರು. 1960ರ ನವೆಂಬರಿನಲ್ಲಿ ಸುಮಾರು 7 ಲಕ್ಷ ಘನ ಮೀಟರಿನಷ್ಟು ಮಣ್ಣು, ಬಂಡೆ ನೀರಿಗೆ ಕುಸಿಯಿತು. ಪರ್ವತದಲ್ಲಿ ಸುಮಾರು ಎರಡು ಕಿಲೋಮೀಟರ್ ಉದ್ದದ ಬಿರುಕು ಬಿಟ್ಟಿತು.

ಅವರು ಕೈಕಟ್ಟಿ ಕುಳಿತರೆಂದು ಭಾವಿಸಬೇಡಿ. ಪರ್ವತದ ಚಲನೆಯನ್ನು ಅಳೆದರು. ನೀರಿನ ಮಟ್ಟವನ್ನು ಏರಿಸಿ ಇಳಿಸಿ ಅದನ್ನು ಹತೋಟಿಯಲ್ಲಿಡಬಹುದೆಂದು ನಂಬಿದರು. ಸಣ್ಣ ಮಾದರಿಯೊಂದನ್ನು ಕಟ್ಟಿ, ಜಲ್ಲಿ ಜಾರಿಸಿ, ನೀರು ಸಮುದ್ರಮಟ್ಟದಿಂದ 700 ಮೀಟರಿನಲ್ಲಿದ್ದರೆ ಅಪಾಯವಿಲ್ಲವೆಂದು ತೀರ್ಮಾನಿಸಿದರು. ಕುಸಿತದಿಂದ ಜಲಾಶಯ ಇಬ್ಭಾಗವಾದರೂ ಆಚೆಯ ನೀರು ಬಳಕೆಗೆ ಸಿಗಲೆಂದು ಒಂದು ಸುರಂಗವನ್ನೇ ಕೊರೆದರು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನೀರಿಗೆ ಬದಲಿ ದಾರಿ ಸಿದ್ಧವಾಯಿತು. ಕಣಿವೆಯ ಕೆಳಗಿನ ಲೊಂಗರೋನೆ ಪಟ್ಟಣದವರಿಗೆ? ಅಪಾಯದ ಬಗ್ಗೆ ಬರೆದ ಟೀನಾ ಮೆರ್ಲಿನ್ ಎಂಬ ಪತ್ರಕರ್ತೆಯ ಮೇಲೆ ಸುಳ್ಳು ಸುದ್ದಿ ಹಬ್ಬಿಸಿದ ಆರೋಪದ ಮೊಕದ್ದಮೆ ನಡೆಯಿತು. 1960ರಲ್ಲಿ ನ್ಯಾಯಾಲಯ ಆಕೆಯನ್ನು ಖುಲಾಸೆಗೊಳಿಸಿತು.

1963ರ ಅಕ್ಟೋಬರ್ 9ರ ರಾತ್ರಿ ಸುಮಾರು 26 ಕೋಟಿ ಘನ ಮೀಟರ್ ಪರ್ವತ ಒಮ್ಮೆಲೇ ಜಲಾಶಯಕ್ಕೆ ಜಾರಿತು. ನೀರು ಆಗ ಸುರಕ್ಷಿತವೆಂದು ಹೇಳಲಾದ ಆ 700 ಮೀಟರಿನ ಆಸುಪಾಸಿನಲ್ಲೇ ಇತ್ತು. ಎದ್ದ ಅಲೆ ಅಣೆಕಟ್ಟನ್ನು ಹಾರಿ ಕಣಿವೆಗೆ ಬಿತ್ತು. ಲೊಂಗರೋನೆಯಲ್ಲಿ ಎಷ್ಟೋ ಜನ ಟಿ.ವಿ.ಯಲ್ಲಿ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದರು. ಸುಮಾರು ಎರಡು ಸಾವಿರ ಮಂದಿ ಸತ್ತರು. ಅಣೆಕಟ್ಟು ಮಾತ್ರ ಬೀಳಲಿಲ್ಲ. ಅದು ಇಂದಿಗೂ ನಿಂತಿದೆ.

ಇದನ್ನು ಪ್ರಕೃತಿ ವಿಕೋಪವೆಂದು ಬರೆದ ಪತ್ರಕರ್ತರಿದ್ದರು. ನಾವಾಗಿದ್ದರೆ ತಕ್ದೀರ್ ಎನ್ನುತ್ತಿದ್ದೆವು. (ಸ್ವಂತ ವ್ಯಾಪಾರದ ಲಾಭವನ್ನು ಯಾರೂ ತಕ್ದೀರಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದಿಲ್ಲ ಎಂಬುದು ಬೇರೆ ಮಾತು.) ಸಿರಿಯಾದಲ್ಲಿ ಪ್ಲೇಗ್ ಹರಡಿದ ಸುದ್ದಿ ದಾರಿಯಲ್ಲೇ ತಲುಪಿದಾಗ ಹಝ್ರತ್ ಉಮರ್(ರ) ಏನು ಮಾಡಿದರು? ಮುಹಾಜಿರರನ್ನೂ ಅನ್ಸಾರರನ್ನೂ ಕುರೈಶರ ಹಿರಿಯರನ್ನೂ ಕರೆದು ಕೇಳಿದರು, ಬಳಿಕ ಜನರೊಂದಿಗೆ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹಝ್ರತ್ ಅಬೂ ಉಬೈದಾ(ರ) ಆಕ್ಷೇಪಿಸಿದಾಗ, ತಾವು ಹೋಗುತ್ತಿರುವುದೂ ಅಲ್ಲಾಹನ ವಿಧಿಯ ಕಡೆಗೇ ಎಂಬರ್ಥದ ಉತ್ತರ ಕೊಟ್ಟರು. ತವಕ್ಕುಲ್‌ನಲ್ಲಿ ಅವರಿಗಿಂತ ಮುಂದಿದ್ದೇವೆಂದು ನಮ್ಮಲ್ಲಿ ಯಾರು ಹೇಳಬಲ್ಲರು? ಆದರೂ ಜತೆಗಿದ್ದವರ ಪ್ರಾಣವನ್ನು ಅವರು ಪಣಕ್ಕಿಡಲಿಲ್ಲ.

ಸ್ವಲ್ಪವೂ ಅಪಾಯವಿರಬಾರದೆಂದರೆ ಯಾವ ಅಣೆಕಟ್ಟನ್ನೂ ಕಟ್ಟಲಾಗದು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಅಪಾಯವಿಲ್ಲದ ಕೆಲಸವನ್ನು ಇಸ್ಲಾಮ್ ನಮ್ಮಿಂದ ಕೇಳುವುದಿಲ್ಲ. ಆದರೆ ತಿಳಿದ ಸಾಕ್ಷ್ಯವನ್ನು ಅಡಗಿಸುವವನ ಹೃದಯ ಪಾಪಗ್ರಸ್ತವೆಂದು ಕುರ್‌ಆನ್ ಎಚ್ಚರಿಸಿದೆ. ಅದು ಸಾಲದ ವ್ಯವಹಾರದ ಸಂದರ್ಭದಲ್ಲಿ ಬಂದ ಎಚ್ಚರಿಕೆ. ಹಣದ ಸಾಕ್ಷ್ಯಕ್ಕೇ ಹೀಗಾದರೆ ಪ್ರಾಣದ ಸಾಕ್ಷ್ಯಕ್ಕೆ? ಪರ್ವತದ ಬಿರುಕು ಕೂಡ ಒಂದು ಸಾಕ್ಷ್ಯವೇ. ಅದನ್ನು ತಿಳಿಯುವ ಮೊದಲ ಹಕ್ಕು ಕೆಳಗೆ ಮಲಗುವವರದು.

ನಮ್ಮ ಕರಾವಳಿಯ ಎಷ್ಟೋ ಯುವಕರು ಕೊಲ್ಲಿ ರಾಷ್ಟ್ರಗಳ ಕಟ್ಟಡ ಕಾಮಗಾರಿಗಳಲ್ಲಿ ಸೂಪರ್‌ವೈಸರ್‌ಗಳಾಗಿದ್ದಾರೆ. ನೀವೂ ಅವರಲ್ಲೊಬ್ಬರಾಗಿರಬಹುದು. ಪರೀಕ್ಷಿಸದ ಅಟ್ಟಣಿಗೆಯ ಕಾಗದಕ್ಕೆ ಸಹಿ ಹಾಕುವಂತೆ ಮೇಲಿನವರು ಅವಸರಪಡಿಸಿದ ದಿನ, ಅದರ ಮೇಲೆ ಹತ್ತುವ ಕೂಲಿಕಾರನ ಹೆಸರನ್ನೊಮ್ಮೆ ಕೇಳಿ ತಿಳಿದುಕೊಳ್ಳಿ. ಸಹಿ ಆಮೇಲೆ ಹಾಕಬಹುದು.