ಚಾರ್‌ಮಿನಾರ್ ನೋಡಿದರೆ ಪುಣ್ಯ ಬರುತ್ತದೆಯೇ?

ಏಪ್ರಿಲ್ ಬಂತೆಂದರೆ ಸೇಡಂ, ಚಿತ್ತಾಪುರ, ಶಹಾಬಾದ ಕಡೆಯ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಶಾಲೆಗೆ ರಜೆ ಬಿದ್ದಿದೆ, ಬಿಸಿಲು 42 ಡಿಗ್ರಿ ದಾಟಿದೆ, ಮಕ್ಕಳು ಹೈದರಾಬಾದ್ ನೋಡಬೇಕೆಂದು ಗಂಟುಬಿದ್ದಿದ್ದಾರೆ. ಝೂ, ಚಾರ್‌ಮಿನಾರ್, ಗೋಲ್ಕೊಂಡ, ಮೆಟ್ರೊ ರೈಲು, ಫಿಲ್ಮ್ ಸಿಟಿ ಎಂದು ಅವರ ಪಟ್ಟಿ ಸಿದ್ಧವಾಗಿದೆ. ತಾಯಿತಂದೆ ಇನ್ನೇನು ಒಪ್ಪಬೇಕು, ಅಷ್ಟರಲ್ಲಿ ಮನೆಯ ಹಿರಿಯರು ‘ಇಷ್ಟು ರೊಕ್ಕ ಖರ್ಚು ಮಾಡೋದಿದ್ರ ತಿರುಪತಿಗೋ ಮಂತ್ರಾಲಯಕ್ಕೋ ಹೋಗಿಬರ್ರಿ, ಪುಣ್ಯರ ಬರ್ತದ’ ಎನ್ನುತ್ತಾರೆ. ಕೊನೆಗೆ ಒಂದು ರಾಜಿಯಾಗುತ್ತದೆ. ಪಟ್ಟಿಗೆ ಬಿರ್ಲಾ ಮಂದಿರವನ್ನು ಸೇರಿಸುತ್ತಾರೆ, ದಾರಿಯಲ್ಲಿ ಚಿಲುಕೂರು ಬಾಲಾಜಿಯನ್ನೂ ಸೇರಿಸುತ್ತಾರೆ. ದೇವರ ಹೆಸರು ಸೇರಿದ ಮೇಲೆ ತಿರುಗಾಟ ಯಾತ್ರೆಯಾಗುತ್ತದೆ, ಖರ್ಚಿಗೆ ಸಮಾಧಾನ ಸಿಗುತ್ತದೆ. ಈ ರಾಜಿಯನ್ನು ತಪ್ಪೆನ್ನಲು ಮನಸ್ಸು ಬಾರದು, ಅದರಲ್ಲಿ ಹಿರಿಯರ ಮೇಲಿನ ಗೌರವವಿದೆ. ಆದರೆ ಅದರ ಹಿಂದಿರುವ ನಂಬಿಕೆಯನ್ನು ಪರೀಕ್ಷಿಸಲೇಬೇಕು. ಮಕ್ಕಳಿಗೆ ದೊಡ್ಡ ಊರು ತೋರಿಸುವುದಕ್ಕೆ ದೇವರ ನೆಪ ಬೇಕೇ? ಬೇಡ ಎಂಬುದು ನನ್ನ ವಾದ. ಹೋದವರು ದಾರಿಯುದ್ದಕ್ಕೂ ಯಾರನ್ನು, ಹೇಗೆ ನೋಡಿದರು ಎಂಬುದೇ ಒಂದು ಪ್ರಯಾಣವನ್ನು ಧರ್ಮಕ್ಕೆ ಸೇರಿಸುತ್ತದೆ. ತಲುಪಿದ ಸ್ಥಳ ಗುಡಿಯೋ ಝೂವೋ ಎಂಬುದು ಆಮೇಲಿನ ಮಾತು.

ಈ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಅಶೋಕ ಬಂಡೆಯ ಮೇಲೆ ಬರೆಸಿಟ್ಟಿದ್ದಾನೆ. ಅವನ ಹದಿನಾಲ್ಕು ಬಂಡೆಶಾಸನಗಳಲ್ಲಿ ಎಂಟನೆಯದು ಪ್ರವಾಸದ ಕುರಿತಾದದ್ದು. ಗಿರ್ನಾರಿನಲ್ಲಿ, ಕಾಲ್ಸಿಯಲ್ಲಿ, ನಮಗೆ ಹತ್ತಿರದ ಆಂಧ್ರದ ಎರ್ರಗುಡಿಯಲ್ಲಿ ಅದರ ಪಾಠ ಸಿಕ್ಕಿದೆ. ಹಿಂದಿನ ರಾಜರು ವಿಹಾರಯಾತ್ರೆಗೆ ಹೋಗುತ್ತಿದ್ದರು, ಬೇಟೆ ಮತ್ತಿತರ ಮೋಜುಗಳಲ್ಲಿ ಕಾಲ ಕಳೆಯುತ್ತಿದ್ದರು. ತಾನು ಪಟ್ಟಕ್ಕೆ ಬಂದ ಹತ್ತನೇ ವರ್ಷದಲ್ಲಿ ಬೋಧಿಯ ಸ್ಥಳಕ್ಕೆ ಹೋದೆ, ಅಲ್ಲಿಂದ ಧರ್ಮಯಾತ್ರೆ ಶುರುವಾಯಿತು ಎಂಬುದು ಅದರ ಸಾರಾಂಶ. ಮೇಲುನೋಟಕ್ಕೆ ಇದು ನಮ್ಮ ಹಿರಿಯರ ಪರವಾದ ಸಾಕ್ಷಿ. ಆದರೆ ಧರ್ಮಯಾತ್ರೆಯಲ್ಲಿ ಏನೇನು ಮಾಡಬೇಕೆಂದು ಆತ ಹೇಳುವುದನ್ನು ಗಮನಿಸಬೇಕು. ಬ್ರಾಹ್ಮಣರನ್ನೂ ಶ್ರಮಣರನ್ನೂ ಕಾಣುವುದು, ಅವರಿಗೆ ದಾನ ಕೊಡುವುದು, ವೃದ್ಧರನ್ನು ಕಂಡು ನೆರವಾಗುವುದು, ಹಳ್ಳಿನಾಡಿನ ಜನರನ್ನು ಭೇಟಿಯಾಗಿ ಅವರೊಂದಿಗೆ ಧರ್ಮದ ಮಾತಾಡುವುದು. ಅಷ್ಟೂ ಮನುಷ್ಯರನ್ನು ಕಾಣುವ ಕೆಲಸ. ಮುಳುಗಬೇಕಾದ ನೀರು, ಸುತ್ತಬೇಕಾದ ಪೀಠ ಆ ವಿವರದಲ್ಲಿ ಬರುವುದಿಲ್ಲ. ಇದರಿಂದ ತನಗೆ ಹಿಂದಿನದಕ್ಕಿಂತ ಹೆಚ್ಚಿನ ಸಂತೋಷ ಸಿಗುತ್ತದೆ ಎಂದೂ ಅರಸ ಹೇಳಿಕೊಂಡಿದ್ದಾನೆ. ಸಂತೋಷವನ್ನು ಬಿಟ್ಟುಕೊಡು ಎಂದು ಅವನು ಯಾರಿಗೂ ಹೇಳಲಿಲ್ಲ, ಕೊಲ್ಲುವ ಸಂತೋಷದಿಂದ ಕಾಣುವ ಸಂತೋಷಕ್ಕೆ ದಾಟಿದ, ಅಷ್ಟೆ. ಹಾಗಿದ್ದ ಮೇಲೆ ಖುಷಿಗಾಗಿ ಹೋದದ್ದು ವಿಹಾರ, ಕಷ್ಟಪಟ್ಟು ಹೋದದ್ದು ಧರ್ಮ ಎಂದು ನಾವು ಎಳೆದಿರುವ ಗೆರೆಗೆ ಅಶೋಕನ ಒಪ್ಪಿಗೆ ಸಿಗಲಾರದು.

ಇನ್ನು ಹರಕೆಯ ಪ್ರಯಾಣವನ್ನು ನೋಡೋಣ. ಚಿಲುಕೂರಿನಲ್ಲಿ ಹುಂಡಿಯಿಲ್ಲ, ಅದು ದೊಡ್ಡ ಮಾತು. ಆದರೂ ಅಲ್ಲಿನ ರೂಢಿ ಎಲ್ಲರಿಗೂ ಗೊತ್ತು: ಬೇಡಿಕೆ ಇಡುವಾಗ 11 ಸುತ್ತು, ಬೇಡಿದ್ದು ಕೈಗೂಡಿದರೆ 108 ಸುತ್ತು. ವೀಸಾ ಬೇಡುವವರು, ನೌಕರಿ ಬೇಡುವವರು, ಮಗುವಿನ ಕಾಯಿಲೆ ವಾಸಿಯಾಗಲೆಂದು ಬೇಡುವವರು ಅಲ್ಲಿ ಸುತ್ತುತ್ತಾರೆ. ಬೇಡುವುದು ಮನುಷ್ಯ ಸಹಜ, ಸಂಕಟದಲ್ಲಿರುವವರ ಹರಕೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಫಲ ಬಯಸಿ ಹೋದ ಪ್ರಯಾಣ ಮೇಲಿನದು, ಏನೂ ಬೇಡದೆ ಬರೀ ನೋಡಲು ಹೋದದ್ದು ಕೆಳಗಿನದು ಎಂಬ ತೂಕ ಎಲ್ಲಿಂದ ಬಂತು? ಸಾಲಾರ್‌ಜಂಗ್ ಮ್ಯೂಸಿಯಂನಲ್ಲಿ ಒಂದು ದೊಡ್ಡ ಗಡಿಯಾರವಿದೆ. ಅದರೊಳಗೆ ಕಮ್ಮಾರನಂಥ ಒಂದು ಪುಟ್ಟ ಗೊಂಬೆ ಸೆಕೆಂಡಿಗೊಮ್ಮೆ ಸುತ್ತಿಗೆ ಬಡಿಯುತ್ತಿರುತ್ತದೆ. ತಾಸು ತುಂಬುವ ಹೊತ್ತಿಗೆ ಗಡ್ಡದ ಇನ್ನೊಂದು ಗೊಂಬೆ ಬಾಗಿಲು ತೆರೆದು ಹೊರಬಂದು, ಎಷ್ಟು ಗಂಟೆಯಾಗಿದೆಯೋ ಅಷ್ಟು ಸಲ ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಅದಕ್ಕಾಗಿ ಮೊದಲೇ ಬಂದು ಜನ ಕೂತಿರುತ್ತಾರೆ. ಮಡಿಲಲ್ಲಿ ಕೂಸು, ಹೆಗಲ ಮೇಲೆ ಮಗು, ಬುರ್ಖಾ ತೊಟ್ಟ ಅಜ್ಜಿ, ಇಳಕಲ್ ಸೀರೆಯ ಅಜ್ಜಿ, ಎಲ್ಲರ ಕಣ್ಣೂ ಒಂದೇ ಚಿಕ್ಕ ಬಾಗಿಲ ಮೇಲೆ. ಆ ಗೊಂಬೆಯಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ತಮಗೆ ಲಾಭವಿಲ್ಲದ ಒಂದು ವಸ್ತುವಿನ ಮುಂದೆ ಉಸಿರು ಬಿಗಿಹಿಡಿದು ಕೂರುವುದನ್ನು ಒಂದು ಮಗು ಅಲ್ಲಿ ನೂರು ಅಪರಿಚಿತರ ನಡುವೆ ಕಲಿಯುತ್ತದೆ. ಫಲದ ಆಸೆ ಬಿಡಿ ಎಂದು ಪ್ರವಚನಗಳಲ್ಲಿ ಕೇಳಿದ್ದು ಎಷ್ಟೋ, ಆದರೆ ಮಕ್ಕಳ ಮಟ್ಟಕ್ಕೆ ಅದು ಇಳಿಯುವುದು ಇಂಥ ಕಡೆಯಲ್ಲೇ.

ಶರಣರ ಮಾರ್ಗದಲ್ಲಿ ಬೆಳೆದವರು ಇಲ್ಲೊಂದು ಆಕ್ಷೇಪ ಎತ್ತಬಹುದು. ದೇಹವೇ ದೇಗುಲವಾದ ಮೇಲೆ ಅಲೆದಾಟವೇಕೆ, ತೀರ್ಥಕ್ಷೇತ್ರ ತಿರುಗುವುದನ್ನೇ ಅವರು ಒಪ್ಪಲಿಲ್ಲವಲ್ಲ, ಮೋಜಿನ ತಿರುಗಾಟವನ್ನು ಒಪ್ಪುತ್ತಿದ್ದರೇ ಎಂಬುದು ಆ ಪ್ರಶ್ನೆ. ಗಟ್ಟಿಯಾದ ಪ್ರಶ್ನೆಯೇ. ಆದರೆ ಶರಣರ ಟೀಕೆ ಬಿದ್ದದ್ದು ಎಲ್ಲಿ? ನೀರು ಮುಟ್ಟಿದರೆ ಪಾಪ ಹೋಯಿತು, ಕಲ್ಲು ಕಂಡರೆ ಪುಣ್ಯ ಬಂತು ಎಂಬ ಲೆಕ್ಕಾಚಾರದ ಮೇಲೆ. ಪ್ರಯಾಣದ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯ ಬಂದ, ಅಫ್ಘನ್ ನಾಡಿನಿಂದ ಮರುಳಶಂಕರದೇವ ಬಂದ ಎಂದು ಪರಂಪರೆ ಹೇಳುತ್ತದೆ. ಒಂದು ಊರಿನಲ್ಲಿ ಇಂಥ ಮನುಷ್ಯರಿದ್ದಾರಂತೆ, ಹೋಗಿ ನೋಡೋಣ ಎಂಬ ಹಂಬಲವಿಲ್ಲದಿದ್ದರೆ ಆ ಸಮುದಾಯವೇ ಹುಟ್ಟುತ್ತಿರಲಿಲ್ಲ. ಹೈದರಾಬಾದಿಗೆ ಹೋಗುವ ಪ್ರತಿ ಕುಟುಂಬದಲ್ಲೂ ಆ ಹಂಬಲವಿದೆ ಎಂದು ನಾನು ಹೇಳಲಾರೆ. ಆದರೆ ಶರಣರ ಹೆಸರಿನಲ್ಲಿ ಮಕ್ಕಳ ಕುತೂಹಲಕ್ಕೆ ಬೇಲಿ ಹಾಕುವುದು ಅವರಿಗೆ ಮಾಡುವ ಅನ್ಯಾಯ.

ಇದಕ್ಕಿಂತ ತೂಕದ ಆಕ್ಷೇಪ ನಮ್ಮ ಮನೆಬಾಗಿಲಲ್ಲೇ ಇದೆ. ಮಳಖೇಡ ನೋಡದವರು ಗೋಲ್ಕೊಂಡ ನೋಡಿ ಏನು ಮಾಡುವುದು? ಸನ್ನತಿ ಚಿತ್ತಾಪುರ ತಾಲ್ಲೂಕಿನಲ್ಲೇ ಇದೆ, ಅಲ್ಲಿಗೆ ಮಕ್ಕಳನ್ನು ಕರೆದೊಯ್ದವರೆಷ್ಟು ಜನ? ನಾಗಾವಿಯ ಘಟಿಕಾಸ್ಥಾನ, ಚಿಂಚೋಳಿಯ ಕಾಡು, ಚಂದ್ರಂಪಳ್ಳಿಯ ನೀರು ಎಲ್ಲ ಬಿಟ್ಟು ರೈಲು ಹತ್ತುವುದೇಕೆ? ಈ ಮಾತಿನಲ್ಲಿರುವ ನೋವು ನಿಜ. ಸನ್ನತಿಯ ಉದಾಹರಣೆಯೊಂದೇ ಸಾಕು. 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಗುಡಿಯ ಮಾಡು ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು ಗೊತ್ತಾಯಿತು. ಪೀಠಕ್ಕಾಗಿ ಆ ಕಲ್ಲಿನ ನಡುವೆ ತೂತು ಕೊರೆದಿದ್ದರು, ಅಕ್ಷರಗಳು ಅಷ್ಟರಮಟ್ಟಿಗೆ ಹಾಳಾಗಿವೆ. ಅದರಲ್ಲಿ ಹನ್ನೆರಡನೇ ಶಾಸನದ ಭಾಗವೂ ಇದೆ: ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು ಎಂಬ ತಿರುಳಿನದು. ತಲೆಮಾರುಗಳ ಭಕ್ತರು ಆ ಕಲ್ಲಿನ ಮುಂದೆಯೇ ಕೈಮುಗಿದರು, ಕಲ್ಲು ಏನು ಹೇಳುತ್ತಿದೆ ಎಂಬುದು ಯಾರಿಗೂ ಕಾಣಲಿಲ್ಲ. ಅವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಪುಣ್ಯಸ್ಥಳಕ್ಕೆ ಹೋದ ಮಾತ್ರಕ್ಕೆ ಕಣ್ಣು ತೆರೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಸೀಮೆಯಲ್ಲಿ ಬೇರೆ ಇಲ್ಲ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯೊಂದಿಗೆ ನಿಂತ ಅಶೋಕನ ಶಿಲ್ಪ ಸಿಕ್ಕಿತು, ಬ್ರಾಹ್ಮಿಯಲ್ಲಿ ಅವನ ಹೆಸರು ಕೆತ್ತಿದೆ. ಅದೂ ಮಣ್ಣಿನಡಿ ಇತ್ತು.

ಆದರೂ ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಎಂಬ ಕ್ರಮವನ್ನು ನಾನು ಒಪ್ಪುವುದಿಲ್ಲ. ಮಳಖೇಡಕ್ಕೆ ಹೋದ ಮಗುವಿಗೆ ಅಲ್ಲಿ ಏನು ಕಾಣುತ್ತದೆ? ಕಾಗಿಣಾ ನದಿ, ದಂಡೆಯಲ್ಲಿ ಜಯತೀರ್ಥರ ವೃಂದಾವನ, ನೇಮಿನಾಥ ಬಸದಿ, ಕೋಟೆಯ ಗೋಡೆ, ಆಚೆಗೆ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ. ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ; ಕವಿರಾಜಮಾರ್ಗದ ನೃಪತುಂಗ ಇಲ್ಲಿ ಆಳಿದ; ಗಣಿತಸಾರಸಂಗ್ರಹದ ಮಹಾವೀರಾಚಾರ್ಯ ಅವನ ಕಾಲದವನು; 851ರ ಹೊತ್ತಿಗೆ ಅರಬ್ ವರ್ತಕ ಸುಲೈಮಾನನ ವೃತ್ತಾಂತ ಜಗತ್ತಿನ ನಾಲ್ವರು ಮಹಾರಾಜರಲ್ಲಿ ಇಲ್ಲಿನ ಅರಸನನ್ನೂ ಎಣಿಸಿತು; 972ರಲ್ಲಿ ಪರಮಾರರ ಸೀಯಕ ಊರನ್ನು ಲೂಟಿ ಮಾಡಿದ. ಇಷ್ಟೆಲ್ಲ ಹೇಳಿದರೂ ಮಗುವಿನ ಕಣ್ಣಿಗೆ ರಾಜಧಾನಿ ಕಟ್ಟುವುದಿಲ್ಲ, ಏಕೆಂದರೆ ರಾಜಧಾನಿ ಎಂದರೆ ಏನೆಂಬುದಕ್ಕೆ ಅದರ ಬಳಿ ಅಳತೆಗೋಲಿಲ್ಲ. 1591ರ ಚಾರ್‌ಮಿನಾರಿನ ಕೆಳಗೆ ನಿಂತು, ನಾಲ್ಕೂ ದಿಕ್ಕಿನ ಬಜಾರಿನ ಗದ್ದಲ ಕಂಡು, ಮೆಕ್ಕಾ ಮಸೀದಿಯ ಅಂಗಳದ ಪಾರಿವಾಳಗಳ ನಡುವೆ ಓಡಾಡಿ ಬಂದ ಮಗುವಿಗೆ ಮಳಖೇಡದ ಬಯಲಿನಲ್ಲಿ ‘ಇಲ್ಲೂ ಇಂಥದ್ದೇ ಊರಿತ್ತು’ ಎಂದರೆ ಆ ಮಾತು ತಟ್ಟುತ್ತದೆ. ಊರುಗಳೂ ಹುಟ್ಟಿ ಸಾಯುತ್ತವೆ ಎಂಬ ಅರಿವು, ಜೈನ ಬೌದ್ಧ ಗುರುಗಳು ಈ ನೆಲದಲ್ಲೇ ಬೋಧಿಸಿದ ಅನಿತ್ಯದ ಅರಿವು, ಪುಸ್ತಕದಿಂದ ಬರುವುದು ಕಷ್ಟ. ಬದುಕಿರುವ ಊರನ್ನೂ ಹೋಗಿಬಿಟ್ಟ ಊರನ್ನೂ ಒಂದೇ ವರ್ಷದಲ್ಲಿ ನೋಡಿದರೆ ಬರಬಹುದು.

ಇಷ್ಟಕ್ಕೂ ಹೈದರಾಬಾದ್ ನಮಗೆ ದೂರದ್ದೇ? ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ಹೋಗುವ ಹಳಿ 1874ರಷ್ಟು ಹಳೆಯದು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿ, ಆಮೇಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದೊಳಗೆ ಈ ತಾಲ್ಲೂಕುಗಳಿದ್ದವು. ಕೋರ್ಟು ಕಚೇರಿಗೆ, ಉಸ್ಮಾನಿಯಾದ ಓದಿಗೆ ನಮ್ಮವರು ಹೋಗುತ್ತಿದ್ದದ್ದು ಅಲ್ಲಿಗೇ. ಅಲ್ಲಿನ ಹಳೆಯ ಮನೆಗಳ ಅಂಗಳದಲ್ಲಿ ಕಾಲಿಗೆ ತಂಪು ಹತ್ತುವ ಬೂದುಬಣ್ಣದ ಹಾಸುಗಲ್ಲು ನಮ್ಮ ಶಹಾಬಾದಿ ಫರಸಿ. ಆ ಸುಣ್ಣದ ಕಲ್ಲು ನೆಲದಲ್ಲಿ ಪದರಪದರವಾಗಿ ಮಲಗಿರುತ್ತದೆ. ಕೆಲಸಗಾರ ಪದರದ ಸಂದಿಗೆ ಉಳಿ ಕೊಟ್ಟು ಸುತ್ತಿಗೆಯಿಂದ ಹದವಾಗಿ ಬಡಿಯುತ್ತ ಹೋಗುತ್ತಾನೆ, ಶಬ್ದ ಬದಲಾದೊಡನೆ ಸಬ್ಬಲ್ ಹಾಕಿ ಮೀಟುತ್ತಾನೆ, ಚಪ್ಪಡಿ ಇಡಿಯಾಗಿ ಮೇಲೇಳುತ್ತದೆ. ಬಿಸಿಲು, ದೂಳು, ಉರಿಯುವ ಕಣ್ಣು ಎಲ್ಲ ಆ ಚಪ್ಪಡಿಯ ಜೊತೆಗಿವೆ. ಅದೇ ಸುಣ್ಣದ ಕಲ್ಲು ವಾಡಿ, ಸೇಡಂ, ಮಳಖೇಡಗಳ ಫ್ಯಾಕ್ಟರಿಗಳಲ್ಲಿ ಸಿಮೆಂಟಾಗುತ್ತದೆ. ಹೈಟೆಕ್ ಸಿಟಿಯ ಗಾಜಿನ ಕಟ್ಟಡದ ಕೆಳಗೆ ಬೆರಗಾಗಿ ನಿಂತ ಮಗುವಿಗೆ ತಂದೆತಾಯಿ ಇದನ್ನು ಹೇಳಿದರೆ ಬೆರಗು ಕಡಿಮೆಯಾಗುವುದಿಲ್ಲ, ಅದಕ್ಕೆ ಋಣದ ಅರಿವು ಕೂಡಿಕೊಳ್ಳುತ್ತದೆ. ಹುಸೇನ್ ಸಾಗರದ ನಡುವಿನ ಬುದ್ಧನ ವಿಷಯವೂ ಹಾಗೆಯೇ. 1990ರಲ್ಲಿ ಆ ಏಕಶಿಲೆಯನ್ನು ಸಾಗಿಸುವಾಗ ಬಾರ್ಜ್ ಮುಳುಗಿ ಹಲವರು ಪ್ರಾಣ ಕಳೆದುಕೊಂಡರು. ಮೂರ್ತಿಯನ್ನು ಮೇಲೆತ್ತಿ ನಿಲ್ಲಿಸಿದ್ದು 1992ರಲ್ಲಿ. ದೋಣಿಯಲ್ಲಿ ಅಲ್ಲಿಗೆ ಹೋಗುವ ಮಕ್ಕಳಿಗೆ ಈ ಸಂಗತಿ ತಿಳಿದಿರಬೇಕು. ಅಶೋಕ ಹೇಳಿದ ಜನರನ್ನು ಕಾಣುವ ಕೆಲಸ ನಗರದಲ್ಲಿ ಶುರುವಾಗುವುದು ಹೀಗೆಯೇ.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ರಜೆಗೆ ಹೊರಟ ಸಂಸಾರ ಹತ್ತುವ ರೈಲಿನಲ್ಲೇ ಚಿಂಚೋಳಿಯ ತಾಂಡಾಗಳಿಂದ, ಸೇಡಂನ ಹಳ್ಳಿಗಳಿಂದ ಗುಳೆ ಹೊರಟವರೂ ಇರುತ್ತಾರೆ. ಅವರ ಮಕ್ಕಳಿಗೂ ಹೈದರಾಬಾದ್ ಗೊತ್ತು, ಬಿಲ್ಡಿಂಗ್ ಕೆಲಸದ ಪಕ್ಕದ ತಗಡಿನ ಶೆಡ್ಡಾಗಿ ಗೊತ್ತು. ಅಪ್ಪ ಅವ್ವ ಗೋಡೆ ಕಟ್ಟುವ ಊರಿನಲ್ಲೇ ಇದ್ದೂ ಆ ಮಕ್ಕಳು ಆನೆಯನ್ನಾಗಲಿ ಗಡಿಯಾರದ ಗೊಂಬೆಯನ್ನಾಗಲಿ ನೋಡುವುದಿಲ್ಲ. ಬಿಡುವಿದ್ದವರ ಸುಖಕ್ಕೆ ಧರ್ಮದ ಬಣ್ಣ ಬಳಿಯುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ಆ ಮಾತನ್ನು ತಳ್ಳಿಹಾಕಲಾಗದು. ನಾನು ಹೇಳಬಹುದಾದದ್ದು ಇಷ್ಟೆ: ಬೇಡದೆ ನೋಡುವುದು ಮಗುವಿನ ಬೆಳವಣಿಗೆಗೆ ಅಷ್ಟು ಬೇಕಾದದ್ದೇ ಆದರೆ, ಅದನ್ನು ನಮ್ಮ ಮನೆಯ ಮಕ್ಕಳಿಗೆ ಮಾತ್ರ ಕೊಟ್ಟು ಸುಮ್ಮನಿರಲು ಬರುವುದಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಚಿಣ್ಣರ ಕರ್ನಾಟಕ ದರ್ಶನದಂಥ ಯೋಜನೆ ಇದೆ, ಒಳ್ಳೆಯದೇ. ಆದರೆ ನಮ್ಮ ಈ ಊರುಗಳಿಗೆ ಬೆಂಗಳೂರು ಎಂದರೆ ರಾತ್ರಿಯಿಡೀ ಪ್ರಯಾಣ, ಹೈದರಾಬಾದ್ ಕೆಲವೇ ತಾಸಿನ ದಾರಿ. ಗಡಿಯ ಆಚೆಗಿದೆ ಎಂಬ ಕಾರಣಕ್ಕೆ ಅದನ್ನು ಬಿಡಬಾರದು. ನಮ್ಮ ಮಠಗಳು, ದರ್ಗಾಗಳು, ಗುಡಿಯ ಕಮಿಟಿಗಳು ಜಾತ್ರೆ ಉರುಸಿನಲ್ಲಿ ಸಾವಿರಾರು ಜನರಿಗೆ ಊಟ ಹಾಕುತ್ತವೆ. ತಾಂಡಾದ ಮಕ್ಕಳಿಗೆ ಎರಡು ಬಸ್ಸು, ರೊಟ್ಟಿ ಶೇಂಗಾಹಿಂಡಿಯ ಬುತ್ತಿ, ಝೂ ಮತ್ತು ಮ್ಯೂಸಿಯಂನ ಟಿಕೆಟ್ಟು, ಜೊತೆಗೆ ಅವರ ಕೈಹಿಡಿದು ತೋರಿಸುವ ಇಬ್ಬರು ಮಾಸ್ತರು, ಇಬ್ಬರು ಬಾಯಿಯವರು: ಒಂದು ಜಾತ್ರೆಯ ಖರ್ಚಿನ ಸಣ್ಣ ಪಾಲಿನಲ್ಲಿ ಇದಾಗುತ್ತದೆ, ದಾಸೋಹದ ಲೆಕ್ಕದಲ್ಲೇ ಇದನ್ನು ಬರೆಯಬಹುದು. ಬರುವ ಬೇಸಿಗೆಗೆ ಯಾವ ಊರಿನ ಕಮಿಟಿ ಇದನ್ನು ಮೊದಲು ಮಾಡುತ್ತದೆ ಎಂದು ಕಾಯುತ್ತಿದ್ದೇನೆ.