ಯಾರ ಪೈಕಿ?

ಜಾತ್ರೆಮಾಳದಲ್ಲಿ ಒಂದು ರಾತ್ರಿ ಮಲಗುವ ಜಾಗಕ್ಕಾಗಿ ಮನುಷ್ಯ ತನ್ನ ಜಾತಿಯನ್ನು ಮುಚ್ಚಿಟ್ಟರೆ ಅದು ಸುಳ್ಳೇ? ಸುಳ್ಳಾದರೆ ಅದರ ಪಾಪ ಹೇಳಿದವನದೋ, ಹೇಳಿಸಿದವನದೋ? ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ತಂದಿಲ್ಲ. ಮೇಲುಕೋಟೆಯಿಂದ ತಂದಿದ್ದೇವೆ.

ಹೊಳಲಿನ ನಮ್ಮ ಕೇರಿಯವರು ವೈರಮುಡಿಗೆ ಹೋಗುವುದು ಹೊಸದೇನಲ್ಲ. ನಮ್ಮ ತಾತಂದಿರು ಊರಿನವರ ಕಮಾನುಗಾಡಿಗಳ ಹಿಂದೆ ಧೂಳು ಕುಡಿಯುತ್ತ ನಡೆದು ಹೋಗುತ್ತಿದ್ದರು. ನಾವು ಗೂಡ್ಸ್ ಟೆಂಪೋದಲ್ಲಿ ಹೋದೆವು. ಅಷ್ಟು ಮುಂದುವರಿದಿದ್ದೇವೆ. ಮಂಡ್ಯದ ಖಜಾನೆಯಿಂದ ಕಿರೀಟ ಪೊಲೀಸು ಕಾವಲಿನಲ್ಲಿ ಬೆಟ್ಟಕ್ಕೆ ಬರುತ್ತದೆ. ಹಗಲಿನ ಬೆಳಕು ಅದರ ಮೇಲೆ ಬೀಳಬಾರದಂತೆ, ಅದಕ್ಕೇ ಉತ್ಸವ ರಾತ್ರಿ. ರಾತ್ರಿಯ ಉತ್ಸವ ಅಂದಮೇಲೆ ಬಂದ ಜನವೆಲ್ಲ ಅಲ್ಲೇ ತಂಗಬೇಕು. ಛತ್ರ, ಮಠ, ಲಾಡ್ಜು ಸಿಕ್ಕವರು ಒಳಗೆ. ಉಳಿದ ಲೋಕವೆಲ್ಲ ಬಯಲಲ್ಲಿ. ಟ್ರ್ಯಾಕ್ಟರು, ಆಟೋ, ಕಾರು, ಲಾರಿ, ಅವುಗಳ ಮಗ್ಗುಲಲ್ಲಿ ಮೂರು ಕಲ್ಲಿನ ಒಲೆ, ಚಾಪೆ, ಅಳುವ ಮಕ್ಕಳು. ಮುಗಿಯದೆ ನಿಂತ ರಾಯಗೋಪುರ ಒಂದು ಕಡೆ, ಯೋಗಾನರಸಿಂಹನ ಬೆಟ್ಟ ಇನ್ನೊಂದು ಕಡೆ. ನಾವೂ ಟೆಂಪೋದಿಂದ ಟಾರ್ಪಾಲು ಇಳಿಬಿಟ್ಟು ಎರಡು ಗೂಟ ಹೊಡೆದೆವು.

ನೋಡುವುದಕ್ಕೆ ಚೆಂದ, ಸುಳ್ಳು ಯಾಕೆ ಹೇಳಬೇಕು. ಆ ಬಯಲಲ್ಲಿ ಊರು ಇಲ್ಲ, ಕೇರಿ ಇಲ್ಲ. ಮೊದಲು ಬಂದವನು ಮೊದಲು ಗೂಟ ಹೊಡೆಯುತ್ತಾನೆ. ಲೋಕ ಹೀಗೇ ಇರಬಾರದಾಗಿತ್ತೇ ಅನ್ನಿಸಿತು.

ಪಕ್ಕದ ಕಾರಿನ ಯಜಮಾನರು ಒಳ್ಳೆಯವರೇ. ನಮ್ಮ ಅಜ್ಜಿಗೆ ಬಾಯಾರಿಕೆ ಎಂದು ತಿಳಿದು ತಾವಾಗಿಯೇ ಚೊಂಬು ಹಿಡಿದು ಬಂದರು.

‘ಯಾವೂರಪ್ಪಾ?’

‘ಹೊಳಲು ಕಣಣ್ಣ. ಮಂಡ್ಯ ತಾಲ್ಲೂಕು.’

‘ಹೊಳಲಲ್ಲಿ ಯಾರ ಪೈಕಿ?’

ಚೊಂಬು ಅವರ ಕೈಯಲ್ಲೇ ನಿಂತಿತ್ತು. ನಮ್ಮಲ್ಲಿ ಕೇರಿಗೇ ಮೊದಲು ಬಿ.ಎ. ಮಾಡಿದ ಬಾಯಿ, ಕವಿಗೋಷ್ಠಿಗಳಲ್ಲಿ ಬೆಂಕಿಯ ಪದ್ಯ ಓದುವ ಬಾಯಿ, ಥಟ್ಟನೆ ಹೇಳಿತು: ‘ಊರೊಳಗಿನೋರೇ ಕಣಣ್ಣ.’

ನೀರು ಬಂತು. ಆಮೇಲೆ ಮಂಡಕ್ಕಿ ಬಂತು, ಹಾಸುವುದಕ್ಕೆ ಒಂದು ಜಮಖಾನ ಬಂತು. ಅವರು ಅತ್ತ ಹೋದಮೇಲೆ ಅಜ್ಜಿ ಮೆಲ್ಲಗೆ ಅಂದಳು: ‘ಒಂದ್ ಚೊಂಬು ನೀರ್ಗೆ ನಿಮ್ಮಪ್ಪನ್ನೇ ಮಾರ್ಬುಟ್ಯಲ್ಲೋ ಮಗ.’

‘ಹೇಳಿದ್ರೆ ರಗಳೆ ಆಗೋದು ಕಣಜ್ಜಿ. ಈ ರಾತ್ರೀಲಿ ನಿನ್ನ ಕಟ್ಕೊಂಡು ಎತ್ಲಾಗ್ ಹೋಗಾನ?’

‘ಸರಿ, ನನ್ನೇ ಕೇಳಿದ್ರೆ ಏನ್ ಹೇಳ್ಲಿ?’

ನಮ್ಮಲ್ಲಿ ಉತ್ತರ ಇರಲಿಲ್ಲ. ಅಜ್ಜಿ ಆ ರಾತ್ರಿಯೆಲ್ಲ ಮಾತೇ ಆಡಲಿಲ್ಲ. ಅವರ ಹೆಂಗಸರು ಮಾತಿಗೆ ಕರೆದರೆ ಸೆರಗು ಬಾಯಿಗಿಟ್ಟು ತಲೆಯಾಡಿಸಿದಳು. ನಮ್ಮ ಸುಳ್ಳನ್ನು ಕಾಯುವುದಕ್ಕೆ ಎಪ್ಪತ್ತು ದಾಟಿದ ಹೆಂಗಸು ಮೂಗಿಯಾದಳು.

ಗೆಳೆಯರೇ, ನಾವು ಮಲಗಿದ್ದ ಜಾಗಕ್ಕೂ ಚೆಲುವನಾರಾಯಣನ ಗುಡಿಗೂ ಕೂಗಳತೆ ದೂರ. ಹನ್ನೆರಡನೇ ಶತಮಾನದಲ್ಲಿ ರಾಮಾನುಜರು ಉತ್ಸವಮೂರ್ತಿಯನ್ನು ದೆಹಲಿಯಿಂದ ತರುವಾಗ ನಮ್ಮವರು ನೆರವಾದರೆಂದೂ, ಅದಕ್ಕೆ ಅವರು ನಮ್ಮವರನ್ನು ‘ತಿರುಕುಲತ್ತಾರ್’ ಎಂದು ಕರೆದು ವರ್ಷದಲ್ಲಿ ಮೂರು ದಿನ ಗುಡಿಯೊಳಗೆ ಬಿಟ್ಟರೆಂದೂ ಐತಿಹ್ಯ. ಆ ಕಾಲಕ್ಕೆ ಅದು ದೊಡ್ಡ ಮಾತೇ. ಒಪ್ಪುತ್ತೇವೆ. ಆದರೆ ಮೂರು ದಿನ ಕಳೆದಮೇಲೆ ಗುಡಿಯನ್ನು ಶುದ್ಧಿ ಮಾಡುತ್ತಿದ್ದರೆಂದು ಬ್ರಿಟಿಷರ ಕಾಲದ ಗ್ಯಾಸೆಟಿಯರುಗಳು ಬರೆದಿವೆ. ತಾರೀಖು ಹಾಕಿ ಕೊಟ್ಟದ್ದು ಹಕ್ಕಲ್ಲ, ಬಿಡಾರ. ಮುನ್ನೂರ ಅರವತ್ತೆರಡು ದಿನ ಹೊರಗಿಡುವುದಕ್ಕೆ ಮೂರು ದಿನ ರಶೀದಿ.

ಮೈಸೂರು ಸೀಮೆಯಲ್ಲಿ ದೇವಸ್ಥಾನ ಪ್ರವೇಶದ ಕಾಯಿದೆ ಬಂದದ್ದು 1948ರಲ್ಲಿ. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. 1955ರಲ್ಲಿ ಅದನ್ನು ಆಚರಿಸುವವರಿಗೆ ಶಿಕ್ಷೆ ಬಂತು. ಕಾಯಿದೆ ಗುಡಿಯ ಬಾಗಿಲು ತೆಗೆಸಿತು. ಚೊಂಬು ಹಿಡಿದ ಕೈ ಮಾತ್ರ ಇನ್ನೂ ‘ಯಾರ ಪೈಕಿ’ ಎಂದು ನಿಂತುಬಿಡುತ್ತದೆ.

ತಾತಂದಿರಿಗೆ ಮೂರು ದಿನ ತಮ್ಮ ಹೆಸರಿನಲ್ಲೇ ಜಾಗ ಸಿಕ್ಕಿತ್ತು. ನಮಗೆ ಒಂದು ರಾತ್ರಿ, ಅದೂ ಹೆಸರು ಬಿಟ್ಟಮೇಲೆ. ಇದರಲ್ಲಿ ಯಾವುದು ಮುಂದುವರಿದದ್ದು?

ಈ ಸಂಕಟ ನಮ್ಮೊಬ್ಬರದೇ ಅಲ್ಲ. ಬಾಬಾಸಾಹೇಬರು ಅಮೆರಿಕದ ಕೊಲಂಬಿಯಾದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಆ ಊರಲ್ಲಿ ಅವರಿಗೆ ಮಲಗಲು ಜಾಗವಿರಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದರು. 1934ರಲ್ಲಿ ಸುಮಾರು ಮೂವತ್ತು ಜನ ಸಂಗಾತಿಗಳ ಜೊತೆ ದೌಲತಾಬಾದಿನ ಕೋಟೆ ನೋಡಲು ಹೋದರು. ಬಾಗಿಲ ಬಳಿಯ ಕೊಳದಲ್ಲಿ ಧೂಳು ತೊಳೆದುಕೊಂಡದ್ದೇ ತಪ್ಪಾಯಿತು, ಕೊಳ ಮೈಲಿಗೆಯಾಯಿತೆಂದು ಗಲಾಟೆ. ಕಡೆಗೆ ಒಳಗೆ ಬಿಟ್ಟರು. ಎಲ್ಲಿಯೂ ನೀರು ಮುಟ್ಟದಂತೆ ಕಾಯಲು ಜೊತೆಗೊಬ್ಬ ಬಂದೂಕಿನವನನ್ನು ಕಳಿಸಿದರು. ಇತಿಹಾಸ ನೋಡಲು ಹೋದವರನ್ನು ಇತಿಹಾಸವೇ ಹಿಂಬಾಲಿಸಿ ಬಂತು.

ಅಮೆರಿಕದಲ್ಲಿ ಈಗ ಜಾತ್ರೆ ಮೈದಾನಗಳಲ್ಲಿ ಮನೆಗಾಡಿಗಳನ್ನು ನಿಲ್ಲಿಸಿ, ನಲ್ಲಿ, ಕರೆಂಟು ಪಡೆದು, ಹತ್ತಿರದ ಚಾರಿತ್ರಿಕ ಸ್ಥಳಗಳನ್ನು ನೋಡಿ ಬರುತ್ತಾರಂತೆ. ಸಂತೋಷ. ಅದೇ ದೇಶದಲ್ಲಿ ಕಪ್ಪು ಜನ ಪ್ರಯಾಣ ಹೊರಟರೆ ಎಲ್ಲಿ ಮಲಗಬಹುದು, ಎಲ್ಲಿ ಉಣ್ಣಬಹುದು ಎಂಬುದಕ್ಕೇ ಒಂದು ಪುಸ್ತಕ ಬೇಕಾಗಿತ್ತು. ವಿಕ್ಟರ್ ಗ್ರೀನ್ ಎಂಬ ಕಪ್ಪು ಅಂಚೆಯವನು 1936ರಿಂದ ಅದನ್ನು ಅಚ್ಚು ಹಾಕಿಸಿದ. ಆ ಪುಸ್ತಕ ಓದುಗರಿಗೆ ಬಣ್ಣ ಮುಚ್ಚಿಕೊಳ್ಳಿ ಎನ್ನಲಿಲ್ಲ, ಬಾಗಿಲು ತೆರೆದಿರುವ ಮನೆ ತೋರಿಸಿತು. ಕಪ್ಪು ಮೈ ಮುಚ್ಚಿಡಲಾಗದು. ನಮ್ಮದನ್ನು ಮುಚ್ಚಿಡಬಹುದು. ನಮ್ಮ ಪರೀಕ್ಷೆ ಇರುವುದು ಅಲ್ಲೇ.

ಹಾಗಾದರೆ ನಾವು ಹೇಳಿದ್ದು ಸುಳ್ಳೇ? ಕಳ್ಳ ಬಂದು ‘ಒಡವೆ ಎಲ್ಲಿ ಮಡಗಿದ್ದೀಯೆ’ ಎಂದು ಕೇಳಿದರೆ ನಿಜ ಹೇಳುವ ಸಾಲ ಯಾರ ಮೇಲೂ ಇಲ್ಲ. ‘ಯಾರ ಪೈಕಿ’ ಅನ್ನುವುದು ನಮ್ಮನ್ನು ಅರಿಯಲು ಕೇಳುವ ಪ್ರಶ್ನೆಯಲ್ಲ, ಚೊಂಬು ಎಷ್ಟು ಎತ್ತರದಿಂದ ಹಿಡಿಯಬೇಕೆಂದು ಅಳೆಯಲು ಕೇಳುವುದು. ಅದಕ್ಕೆ ನಿಜ ಹೇಳಲೇಬೇಕೆಂಬ ನೀತಿ ಕೇಳುವವನಿಗೆ ಅನುಕೂಲವಾದ ನೀತಿ. ಜೀವ ಉಳಿಸಿಕೊಳ್ಳಲು, ನಗರದಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿಯಲು ಜಾತಿ ಮುಚ್ಚಿಡುವ ನಮ್ಮ ಹುಡುಗರನ್ನು ನಾವು ಸುಳ್ಳರು ಎನ್ನುವುದಿಲ್ಲ. ಅಂಥ ಒಬ್ಬನನ್ನು ಹೀಗಳೆಯುವ ಮುಂಚೆ ಮನೆ ಮಾಲೀಕನನ್ನು ವಿಚಾರಿಸಿ.

ಆದರೆ ಅಜ್ಜಿಯ ಪ್ರಶ್ನೆ ಬೇರೆ. ಅವಳು ಸುಳ್ಳು ಹೇಳಿದ್ದಕ್ಕೆ ಬೈಯಲಿಲ್ಲ. ‘ನನ್ನ ಕೇಳಿದ್ರೆ?’ ಅಂದಳು. ನಮಗೆ ಇಸ್ತ್ರಿ ಶರ್ಟು ಇದೆ, ಕಾಲೇಜಿನ ಮಾತು ಇದೆ. ಮುಚ್ಚಿಕೊಳ್ಳಲು ಬೇಕಾದ ಬಟ್ಟೆ ಇದೆ. ಅವಳ ನಾಲಗೆ, ಅವಳ ನಡೆ, ಬಗ್ಗಿ ಬಗ್ಗಿ ಗೂನಾದ ಅವಳ ಬೆನ್ನು ಯಾವುದನ್ನೂ ಮುಚ್ಚಲಾರವು. ಮುಚ್ಚಿಡುವುದರಿಂದ ಸಿಗುವ ಜಾಗ ಒಬ್ಬನಿಗೆ ಮಾತ್ರ ಸಾಲುತ್ತದೆ. ಓದಿದವನು ಜಮಖಾನದ ಮೇಲೆ ಮಲಗುತ್ತಾನೆ, ಓದಿಸಿದವಳು ಬಾಯಿ ಮುಚ್ಚಿಕೊಂಡು ಕೂರುತ್ತಾಳೆ. ಅಲ್ಲದೆ ನಾವು ಊರೊಳಗಿನವರೆಂದು ಹೇಳಿದ ಕೂಡಲೇ ಕೇರಿಯವರಿಗೆ ಆ ನೀರಿಲ್ಲ ಎಂಬ ಕಾನೂನಿಗೆ ನಾವೂ ಹೆಬ್ಬೆಟ್ಟು ಒತ್ತಿದೆವು. ತಪ್ಪು ಅಲ್ಲಿದೆ. ಆ ಯಜಮಾನರಿಗೆ ನಾವು ಏನನ್ನೂ ತೀರಿಸಬೇಕಾಗಿಲ್ಲ. ಅಜ್ಜಿಗೆ ತೀರಿಸಬೇಕು.

ಬಾಬಾಸಾಹೇಬರು ಬರೋಡಾದಲ್ಲಿ ಹೆಸರು ಬದಲಾಯಿಸಿದ್ದನ್ನು ತಾವೇ ಬರೆದಿಟ್ಟರು, ನಾಚಿಕೆ ಯಾರದೆಂದು ಓದಿದವರೇ ತಿಳಿಯಲಿ ಎಂಬಂತೆ. ನಾವೂ ಈ ರಾತ್ರಿಯನ್ನು ಅದಕ್ಕಾಗಿಯೇ ಬರೆದಿದ್ದೇವೆ.

ಬರುವ ವೈರಮುಡಿಗೂ ಟೆಂಪೋ ಹೊರಡುತ್ತದೆ. ಕೊಡ ತುಂಬ ನಮ್ಮದೇ ನೀರು ತುಂಬಿಕೊಳ್ಳುತ್ತೇವೆ. ಅಜ್ಜಿಯನ್ನು ಮುಂದೆ ಕೂರಿಸುತ್ತೇವೆ. ಪಕ್ಕದವರು ಬಂದು ಯಾರ ಪೈಕಿ ಎಂದು ಕೇಳಿದರೆ ಹೇಳುವ ಮಾತನ್ನು ಈಗಲೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದೇವೆ: ‘ಹೊಳಲಿನ ಹೊಲಗೇರಿಯೋರು ಕಣಣ್ಣ. ಕೂತ್ಕೊ ಬಾ. ನೀರ್ ಕುಡೀತೀಯಾ?’